ಮೂಕಿ ಚಿತ್ರದಲ್ಲಿ ಪಾಪವಿಮೋಚನೆಯನ್ನು ನೋಡುವ ಬಗೆ: ‘ದಿ ಫ್ಯಾಂಟಮ್ ಕ್ಯಾರೇಜ್’ ಚಿತ್ರವನ್ನು ಮೂರು ಸಲ ನೋಡಲು ಒಂದು ಕೈಪಿಡಿ

ಒಂದೇ ಚಿತ್ರವನ್ನು ಮೂರು ಸಲ ನೋಡಲು ಬೇಕಾದ ಸಿದ್ಧತೆಯನ್ನು ಈ ಬರಹ ವಿವರಿಸುತ್ತದೆ. ಚಿತ್ರ ಸ್ವೀಡನ್ನಿನದು. ವಿಕ್ಟರ್ ಶೋಸ್ಟ್ರೋಮ್ ನಿರ್ದೇಶಿಸಿ, ತಾವೇ ಮುಖ್ಯ ಪಾತ್ರವನ್ನೂ ವಹಿಸಿದ ಈ ಚಿತ್ರ 1921ರ ಜನವರಿ 1ರಂದು ಬಿಡುಗಡೆಯಾಯಿತು. ಇಂಗ್ಲಿಷ್‌ನಲ್ಲಿ ಇದನ್ನು ‘ದಿ ಫ್ಯಾಂಟಮ್ ಕ್ಯಾರೇಜ್’ ಎಂದು ಕರೆಯುವುದು ವಾಡಿಕೆ. ಆದರೆ ಸ್ವೀಡಿಷ್ ಹೆಸರಿನಲ್ಲಿ ರಥವೂ ಇಲ್ಲ, ಪ್ರೇತವೂ ಇಲ್ಲ. ‘ಗಾಡಿ ಹೊಡೆಯುವವನು’ ಎಂಬುದಷ್ಟೇ ಅದರ ಅರ್ಥ. ಇಂಗ್ಲಿಷ್ ಹೆಸರು ನಮ್ಮ ಕಣ್ಣನ್ನು ತಂತ್ರದ ಕಡೆಗೆ ಎಳೆದರೆ, ಮೂಲ ಹೆಸರು ದುಡಿಯುವ ಒಬ್ಬ ಮನುಷ್ಯನ ಕಡೆಗೆ ತಿರುಗಿಸುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡಲು ಕಲಿಯುವುದೇ ಇಲ್ಲಿನ ಅಭ್ಯಾಸ.

ಧಾರ್ಮಿಕ ಪಶ್ಚಾತ್ತಾಪದ ಮೂಕಿ ಚಿತ್ರಗಳು ಬೇಕಾದಷ್ಟಿರುವಾಗ ಇದನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಆ ಕಾಲದ ಅನೇಕ ಚಿತ್ರಗಳಲ್ಲಿ ಕ್ಯಾಮೆರಾ ಚಮತ್ಕಾರ ಒಂದು ಕಡೆ, ಧರ್ಮಬೋಧೆ ಇನ್ನೊಂದು ಕಡೆ ಉಳಿದುಬಿಡುತ್ತವೆ. ಇಲ್ಲಿ ಹಾಗಾಗಿಲ್ಲ. ಸತ್ತವನನ್ನು ಪಾರದರ್ಶಕವಾಗಿ ತೋರಿಸುವ ತಂತ್ರವನ್ನು ತೆಗೆದುಹಾಕಿದರೆ ಕಥೆಯ ಧಾರ್ಮಿಕ ಅರ್ಥವೇ ಕುಸಿದುಬೀಳುತ್ತದೆ ಎಂಬುದು ನನ್ನ ತಿಳಿವಳಿಕೆ. ಮೂರನೆಯ ನೋಟದ ಹೊತ್ತಿಗೆ ಅದು ಏಕೆಂಬುದು ನಿಮಗೂ ಕಾಣಬೇಕು. ಕಾಣದಿದ್ದರೆ ನನ್ನ ವಾದದಲ್ಲಿ ಹುರುಳಿಲ್ಲವೆಂದು ತಿಳಿಯಿರಿ.

ನೋಡುವ ಮುನ್ನ: ಪ್ರತಿಯ ಆಯ್ಕೆ

ಈ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಬಹಳ ಕಳಪೆಯಾದ ಪ್ರತಿಯೊಂದರಲ್ಲಿ. ಬಣ್ಣಗಳಿರಲಿಲ್ಲ, ಮುಖಗಳು ಸುಣ್ಣ ಬಳಿದ ಗೋಡೆಗಳಂತಿದ್ದವು, ಹಿನ್ನೆಲೆಯಲ್ಲಿ ಯಾರೋ ಯಾವುದೋ ಹಾಸ್ಯಚಿತ್ರಕ್ಕೆ ನುಡಿಸಿದಂಥ ಪಿಯಾನೋ ಕುಣಿಯುತ್ತಿತ್ತು. ಸ್ಮಶಾನದಲ್ಲಿ ಸಾವು ಬರುವಾಗಲೂ ಅದೇ ಕುಣಿತ. ಅರ್ಧಕ್ಕೇ ಎದ್ದುಹೋದೆ. ವರ್ಷಗಳ ಬಳಿಕ ಜೀರ್ಣೋದ್ಧಾರಗೊಂಡ ಪ್ರತಿಯನ್ನು ನೋಡಿದಾಗಲೇ ಹಿಂದೆ ನೋಡಿದ್ದು ಈ ಚಿತ್ರವನ್ನಲ್ಲ, ಅದರ ಸವಕಲು ಅಚ್ಚನ್ನು ಎಂಬುದು ಅರಿವಾಯಿತು. ಆದ್ದರಿಂದ ಪ್ರತಿಯನ್ನು ಆರಿಸುವಾಗ ಕೆಲವು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಿ.

ಮೊದಲನೆಯದು ಅವಧಿ. ಪೂರ್ಣ ಚಿತ್ರ ಸುಮಾರು 107 ನಿಮಿಷಗಳದ್ದು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಚಿತ್ರವನ್ನು ಕತ್ತರಿಸಿರಬಹುದು, ಇಲ್ಲವೇ ಅತಿ ವೇಗದಲ್ಲಿ ಓಡಿಸಿರಬಹುದು. ಮೂಕಿ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್‌ಗಳ ಆಸುಪಾಸಿನಲ್ಲಿ ತೆಗೆದ ಚಿತ್ರವನ್ನು ವಾಕ್ಚಿತ್ರದ 24 ಫ್ರೇಮ್‌ಗಳ ವೇಗದಲ್ಲಿ ಓಡಿಸಿದರೆ ಮನುಷ್ಯರು ಗೊಂಬೆಗಳಂತೆ ಪುಟಪುಟನೆ ಓಡಾಡುತ್ತಾರೆ. ಮೂಕಿ ನಟರು ಹಾಗೆಯೇ ನಟಿಸುತ್ತಿದ್ದರು ಎಂಬ ತಪ್ಪು ಕಲ್ಪನೆ ಹುಟ್ಟಿದ್ದು ಬಹುಪಾಲು ಇದರಿಂದಲೇ. ಎರಡನೆಯದು ಬಣ್ಣ. ರಾತ್ರಿಯ ಹೊರಾಂಗಣಕ್ಕೆ ನೀಲಿ, ದೀಪದ ಬೆಳಕಿನ ಒಳಾಂಗಣಕ್ಕೆ ಜೇನುಬಣ್ಣ ಎಂಬಂತೆ ಇಡೀ ಫಿಲ್ಮಿನ ತುಣುಕನ್ನೇ ಬಣ್ಣದಲ್ಲಿ ಅದ್ದಿ ತೆಗೆಯುವ ‘ಟಿಂಟ್’ ಪದ್ಧತಿ ಆಗ ಸರ್ವೇಸಾಮಾನ್ಯವಾಗಿತ್ತು. ಹಗಲಿನಲ್ಲಿ ತೆಗೆದದ್ದನ್ನು ರಾತ್ರಿಯೆಂದು ಪ್ರೇಕ್ಷಕ ಒಪ್ಪಿಕೊಳ್ಳುತ್ತಿದ್ದದ್ದೂ ಆ ನೀಲಿಯಿಂದಲೇ. ಬಣ್ಣ ತೆಗೆದುಹಾಕಿದ ಕಪ್ಪು–ಬಿಳುಪು ಪ್ರತಿಯೇ ‘ಅಸಲಿ’ ಎಂದು ಭಾವಿಸಬೇಡಿ.

ಸಂಗೀತದ ವಿಚಾರದಲ್ಲಿ ನಿಮ್ಮ ಅಭಿರುಚಿಗೆ ಎಡೆಯಿದೆ. ಮಟ್ಟಿ ಬೈ ಎಂಬ ಸ್ವೀಡಿಷ್ ಸಂಗೀತಗಾರರು 1998ರಲ್ಲಿ ರಚಿಸಿದ ಸಂಗೀತವಿರುವ ಪ್ರತಿ ದೊರೆತರೆ ಮೊದಲ ನೋಟಕ್ಕೆ ಅದೇ ಒಳ್ಳೆಯದು. ಎರಡನೆಯ ನೋಟಕ್ಕೆ ಧ್ವನಿಯನ್ನು ಪೂರ್ತಿ ನಿಲ್ಲಿಸಿಬಿಡಿ.

ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಈ ಚಿತ್ರವನ್ನು ಬಿಡುಗಡೆ ಮಾಡಿದವರು ಅದರ ಹಿಂದುಮುಂದಾದ ಕಥನಕ್ರಮವನ್ನು ಬಿಡಿಸಿ, ಘಟನೆಗಳನ್ನು ಕಾಲಾನುಕ್ರಮಕ್ಕೆ ಹತ್ತಿರವಾಗುವಂತೆ ಮರುಜೋಡಿಸಿದ್ದರು. ಕುಡುಕನ ಕಥೆ ಆಗ ‘ಹಾಳಾದ, ಸತ್ತ, ಸುಧಾರಿಸಿದ’ ಎಂಬ ನೇರ ಗೆರೆಯಾಗುತ್ತದೆ. ಅದು ಏಕೆ ಅನ್ಯಾಯ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ನೋಟ: ಕಥೆಯ ಪೆಟ್ಟಿಗೆಗಳನ್ನು ಬಿಚ್ಚಿಕೊಳ್ಳುವುದು

ಮೊದಲ ಸಲ ನಡುವೆ ನಿಲ್ಲಿಸದೆ ನೋಡಿ. ಮುಗಿದ ಕೂಡಲೇ ಒಂದು ಹಾಳೆಯ ಮೇಲೆ ಘಟನೆಗಳನ್ನು ಎರಡು ಸಾಲಾಗಿ ಬರೆಯಿರಿ. ಒಂದು ಸಾಲಿನಲ್ಲಿ ಅವು ನಡೆದ ಕ್ರಮ, ಇನ್ನೊಂದರಲ್ಲಿ ನಮಗೆ ತೋರಿಸಿದ ಕ್ರಮ. ಎರಡೂ ಎಲ್ಲೆಲ್ಲಿ ಬೇರೆಯಾಗುತ್ತವೆ ಎಂಬುದೇ ಮುಂದಿನ ಕೆಲಸದ ಅಡಿಗಲ್ಲು.

ನಮಗೆ ತೋರಿಸುವ ಕ್ರಮ ಹೀಗಿದೆ. ಹೊಸ ವರ್ಷದ ಹಿಂದಿನ ರಾತ್ರಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಸೇವಕಿ ಈಡಿಟ್ ಕ್ಷಯರೋಗದಿಂದ ಸಾಯುತ್ತಿದ್ದಾಳೆ, ಮತ್ತು ಡೇವಿಡ್ ಹೋಲ್ಮ್ ಎಂಬವನನ್ನು ಕರೆತರಬೇಕೆಂದು ಹಟ ಹಿಡಿದಿದ್ದಾಳೆ. ಅವನಾದರೋ ಸ್ಮಶಾನದಲ್ಲಿ ಇಬ್ಬರು ಕುಡುಕರೊಂದಿಗೆ ಕುಳಿತು, ಹಿಂದಿನ ವರ್ಷ ಇದೇ ರಾತ್ರಿ ತೀರಿಕೊಂಡ ಗೆಳೆಯ ಜಾರ್ಜ್ ಹೇಳುತ್ತಿದ್ದ ಕಥೆಯೊಂದನ್ನು ಹೇಳುತ್ತಿದ್ದಾನೆ: ವರ್ಷದ ಕೊನೆಯ ರಾತ್ರಿ ಹನ್ನೆರಡರ ಗಂಟೆ ಬಡಿಯುವಾಗ ಸತ್ತವನು ಮುಂದಿನ ಒಂದು ವರ್ಷ ಸಾವಿನ ಗಾಡಿಯನ್ನು ಹೊಡೆಯುತ್ತಾ ಸತ್ತವರ ಆತ್ಮಗಳನ್ನು ತುಂಬಿಕೊಳ್ಳಬೇಕು. ಜಗಳವಾಗುತ್ತದೆ, ಡೇವಿಡ್ ತಲೆಗೆ ಪೆಟ್ಟು ತಿಂದು ಬೀಳುತ್ತಾನೆ, ಗಂಟೆ ಹನ್ನೆರಡಾಗುತ್ತದೆ. ಬಂದ ಗಾಡಿಯಿಂದ ಇಳಿಯುವವನು ಅದೇ ಜಾರ್ಜ್. ಡೇವಿಡ್‌ನನ್ನು ಕುಡಿತಕ್ಕೆ ಎಳೆದವನೂ ಅವನೇ. ಅಲ್ಲಿಂದ ಅವನು ಡೇವಿಡ್‌ನ ಬದುಕನ್ನು ಅವನೆದುರೇ ಬಿಚ್ಚುತ್ತಾ ಹೋಗುತ್ತಾನೆ.

ಕಥೆಯೊಳಗೆ ಕಥೆ, ಅದರೊಳಗೆ ಮತ್ತೊಂದು. 1921ರ ಪ್ರೇಕ್ಷಕರಿಗೆ ಇದು ಕಷ್ಟವಾಗಿದ್ದಿರಬಹುದು. ಪಂಚತಂತ್ರದ ಕಥೆಗಳ ಜೋಡಣೆಯನ್ನು, ಹರಿಕಥೆಯ ದಾಸರು ಮೂಲಕಥೆಯನ್ನು ನಿಲ್ಲಿಸಿ ಉಪಕಥೆಗೆ ಇಳಿದು ಮತ್ತೆ ಮೇಲೇರುವುದನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಆದರೆ ಒಂದು ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ. ಹರಿಕಥೆಯಲ್ಲಿ ಉಪಕಥೆಯನ್ನು ಕೇಳುವವರು ನಾವು. ಇಲ್ಲಿ ಡೇವಿಡ್‌ನ ಹಳೆಯ ಬದುಕನ್ನು ನಮ್ಮೊಂದಿಗೆ ಡೇವಿಡ್ ಕೂಡ ಮತ್ತೆ ಎದುರಿಸಬೇಕಾಗುತ್ತದೆ. ತಾನು ಮಾಡಿದ್ದಕ್ಕೆ ತಾನೇ ಪ್ರೇಕ್ಷಕನಾಗಬೇಕಾದ ಸ್ಥಿತಿಯದು. ಕಾಲಾನುಕ್ರಮಕ್ಕೆ ಮರುಜೋಡಿಸಿದ ಪ್ರತಿಯಲ್ಲಿ ಕಳೆದುಹೋಗುವುದು ಇದೇ. ಅಲ್ಲಿ ಅವನ ಪಾಪಗಳು ಸುಮ್ಮನೆ ಘಟಿಸುತ್ತವೆ. ಇಲ್ಲಿ ಅವು ಸಾಕ್ಷಿ ನುಡಿಯುತ್ತವೆ.

ಎರಡನೆಯ ನೋಟ: ಒಂದೇ ಫಿಲ್ಮಿನ ಮೇಲೆ ಎರಡು ಲೋಕ

ಎರಡನೆಯ ಸಲ ಕಥೆಯನ್ನು ಮರೆತು ಛಾಯಾಗ್ರಾಹಕನ ಪಕ್ಕದಲ್ಲಿ ನಿಂತಂತೆ ನೋಡಬೇಕು. ಛಾಯಾಗ್ರಾಹಕ ಯೂಲಿಯಸ್ ಯೇನ್ಸನ್. ಚಿತ್ರೀಕರಣ ನಡೆದದ್ದು 1920ರಲ್ಲಿ, ಸ್ಟಾಕ್‌ಹೋಮ್ ಬಳಿಯ ರೋಸುಂಡದಲ್ಲಿ ಆಗಷ್ಟೇ ಕಟ್ಟಿದ್ದ ಸ್ಟುಡಿಯೋದಲ್ಲಿ. ಮೂಲ ಕಾದಂಬರಿಯನ್ನು ಬರೆದ ಸೆಲ್ಮಾ ಲಾಗರ್ಲೋಫ್ ಅವರಿಗೆ ಇದನ್ನು ಲ್ಯಾಂಡ್ಸ್‌ಕ್ರೋನ ಪಟ್ಟಣದ ನಿಜವಾದ ಬೀದಿಗಳಲ್ಲಿ ತೆಗೆಯಬೇಕೆಂಬ ಆಸೆಯಿತ್ತು. ಶೋಸ್ಟ್ರೋಮ್ ಒಪ್ಪಲಿಲ್ಲ. ಅವರ ಹಟಕ್ಕೆ ಕಾರಣವೇನಿರಬಹುದೆಂಬುದು, ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆಯುವ ಡಬಲ್ ಎಕ್ಸ್‌ಪೋಷರ್ ಎಂಬ ಕೆಲಸದ ಲೆಕ್ಕಾಚಾರವನ್ನು ತಿಳಿದರೆ ತಾನಾಗಿಯೇ ಹೊಳೆಯುತ್ತದೆ.

ಆ ಲೆಕ್ಕ ಹೀಗೆ. ಅಂದಿನ 35 ಮಿಲಿಮೀಟರ್ ಕ್ಯಾಮೆರಾದ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ 8 ಫ್ರೇಮ್‌ಗಳು ಸರಿಯುತ್ತಿದ್ದವು; ಸೆಕೆಂಡಿಗೆ ಎರಡು ಸುತ್ತು ಎಂದರೆ 16 ಫ್ರೇಮ್. ಹತ್ತು ಸೆಕೆಂಡಿನ ದೃಶ್ಯಕ್ಕೆ 20 ಸುತ್ತು, 160 ಫ್ರೇಮ್, ಹತ್ತು ಅಡಿ ಫಿಲ್ಮ್. ಮೊದಲು ಬದುಕಿರುವವರ ಕೋಣೆಯನ್ನು ಈ 20 ಸುತ್ತುಗಳಲ್ಲಿ ತೆಗೆಯಬೇಕು. ಬಳಿಕ ಲೆನ್ಸಿಗೆ ಮುಚ್ಚಳ ಹಾಕಿ ಅದೇ 20 ಸುತ್ತು ಹಿಂದಕ್ಕೆ ತಿರುಗಿಸಬೇಕು. ಮುಚ್ಚಳ ತೆಗೆದು, ಈಗ ಪ್ರೇತವಾಗಿ ನಟಿಸುವವನನ್ನು ಮಾತ್ರ ನಿಲ್ಲಿಸಿ, ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ ತೆಗೆಯಬೇಕು. ಎರಡು ಸಲವೂ ಕೈಯ ಲಯ ಒಂದೇ ಇರಬೇಕು. ಬದುಕಿರುವವನು ಎಂಟನೆಯ ಸುತ್ತಿಗೆ ತಲೆ ಎತ್ತಿದ್ದರೆ ಪ್ರೇತವೂ ಎಂಟನೆಯ ಸುತ್ತಿಗೆ ಅವನ ಮುಂದೆ ನಿಂತಿರಬೇಕು. ಎಲ್ಲಿ ತಪ್ಪಿತೆಂಬುದು ಫಿಲ್ಮ್ ತೊಳೆದ ಮೇಲೆಯೇ ತಿಳಿಯುವುದು. ಒಂದು ತಪ್ಪಿದರೆ ಎರಡೂ ಹಾಳು. ಈ ಚಿತ್ರದ ಕೆಲವು ದೃಶ್ಯಗಳಲ್ಲಿ ಹೀಗೆ ನಾಲ್ಕು ಪದರಗಳವರೆಗೆ ತೆಗೆದಿದ್ದಾರೆ. ಗಾಳಿ, ಮೋಡ, ಸರಿಯುವ ಬಿಸಿಲು ಇರುವ ನಿಜವಾದ ಬೀದಿಯಲ್ಲಿ ಇಂಥ ಕೆಲಸವನ್ನು ಗಂಟೆಗಟ್ಟಲೆ ನಡೆಸುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಬೆಳಕಿನ ಲೆಕ್ಕವೂ ಉಂಟು. ಎರಡು ಸಲ ಬಿದ್ದ ಬೆಳಕು ಫಿಲ್ಮಿನ ಮೇಲೆ ಕೂಡಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಲ ಬಿಳಿಯ ಗೋಡೆ ಬಿದ್ದ ಜಾಗದಲ್ಲಿ ಎರಡನೆಯ ಸಲ ಪ್ರೇತವನ್ನು ಮೂಡಿಸಲು ಹೋದರೆ ಅದು ಸರಿಯಾಗಿ ಕಾಣುವುದಿಲ್ಲ. ಬೆಳಕಿನ ಮೇಲೆ ಬೆಳಕು ಬಿದ್ದು ಕರಗಿಹೋಗುತ್ತದೆ. ಕತ್ತಲಿದ್ದ ಜಾಗದಲ್ಲಿ ಮಾತ್ರ ಅದು ಸ್ಫುಟವಾಗಿ ಮೂಡುತ್ತದೆ. ಹಿನ್ನೆಲೆಗೆ ಕಪ್ಪು ವೆಲ್ವೆಟ್ ಕಟ್ಟುತ್ತಿದ್ದ ಪದ್ಧತಿಯ ಗುಟ್ಟೂ ಇದೇ: ಕಪ್ಪು ಬಟ್ಟೆ ಫಿಲ್ಮಿಗೆ ಏನನ್ನೂ ಸೇರಿಸುವುದಿಲ್ಲ. ಈಗ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಪ್ರೇತ ನಿಂತ ಜಾಗದಲ್ಲಿ ಮೂಲ ದೃಶ್ಯದ ಕತ್ತಲು ಎಷ್ಟಿದೆ, ದೀಪ ಯಾವ ಮೂಲೆಯಲ್ಲಿದೆ, ಕಿಟಕಿಯ ಬಿಳುಪನ್ನು ಹಾಯುವಾಗ ಪ್ರೇತದ ದೇಹ ಎಷ್ಟು ತೆಳುವಾಗುತ್ತದೆ ಎಂಬುದನ್ನು ಗುರುತಿಸಿ. ಸತ್ತವರು ಕತ್ತಲಲ್ಲೇ ಕಾಣಿಸಿಕೊಳ್ಳುತ್ತಾರೆ ಎಂಬ ಊರೂರಿನ ನಂಬಿಕೆಯನ್ನು ಇಲ್ಲಿ ಫಿಲ್ಮಿನ ಮೇಲೆ ಬೆಳಕನ್ನು ಹಿಡಿಯುವ ಸಿಲ್ವರ್ ಬ್ರೋಮೈಡ್ ಕೂಡ ನಂಬಿದಂತಿದೆ!

ಮೂರು ದೃಶ್ಯಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಒಂದು, ಸ್ಮಶಾನದಲ್ಲಿ ಡೇವಿಡ್‌ನ ದೇಹದಿಂದ ಅವನೇ ಎದ್ದುಬರುವುದು. ದೇಹ ನೆಲದ ಮೇಲೆ ಗಟ್ಟಿಯಾಗಿಯೇ ಬಿದ್ದಿರುತ್ತದೆ, ಅದರೊಳಗಿಂದ ತೆಳುವಾದ ಇನ್ನೊಬ್ಬ ಎದ್ದು ಕೂರುತ್ತಾನೆ. ಒಮ್ಮೆ ನಟ ಅಲುಗಾಡದೆ ಮಲಗಿರಬೇಕು, ಇನ್ನೊಮ್ಮೆ ಕೂದಲೆಳೆಯಷ್ಟೂ ತಪ್ಪದೆ ಅದೇ ಭಂಗಿಯಿಂದ ಏಳಬೇಕು. ಎರಡು, ಮುಳುಗಿ ಸತ್ತವನನ್ನು ಒಯ್ಯಲು ಗಾಡಿ ಸಮುದ್ರಕ್ಕೆ ಬರುವುದು, ಸಾರಥಿ ನೀರಿನಾಳಕ್ಕೆ ಇಳಿದು ಹೆಣವಿದ್ದಲ್ಲಿಗೆ ನಡೆಯುವುದು. ಮೂರನೆಯದು ಸಣ್ಣದು, ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಸಿರಿವಂತನೊಬ್ಬ ತನ್ನ ಮನೆಯಲ್ಲಿ ಗುಂಡು ಹಾರಿಸಿಕೊಂಡು ಸತ್ತಾಗ ಸಾರಥಿ ಮುಚ್ಚಿದ ಬಾಗಿಲಿನ ಮೂಲಕವೇ ಒಳಗೆ ಬರುತ್ತಾನೆ. ಬಾಗಿಲು ತೆರೆಯುವುದಿಲ್ಲ. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ.

ಇನ್ನೂ ಒಂದು ಸೂಕ್ಷ್ಮವಿದೆ. ಹಳೆಯ ಚಮತ್ಕಾರದ ಚಿತ್ರಗಳಲ್ಲಿ ಪ್ರೇತ ಸಾಮಾನ್ಯವಾಗಿ ದೃಶ್ಯದ ಮೇಲೆ ಅಂಟಿಸಿದ ಕಾಗದದಂತೆ ಎಲ್ಲದರ ಮುಂದೆಯೇ ಇರುತ್ತದೆ. ಇಲ್ಲಿ ಅದು ಕೋಣೆಯ ಸಾಮಾನುಗಳ ಹಿಂದೆ ಸರಿಯುತ್ತದೆ, ಮುಂದೆ ಬರುತ್ತದೆ, ಗಟ್ಟಿ ಜನರ ನಡುವೆ ಜಾಗ ಮಾಡಿಕೊಂಡು ನಡೆಯುತ್ತದೆ. ಅಂದರೆ ಸತ್ತವನಿಗೂ ಆ ಕೋಣೆಯಲ್ಲಿ ಒಂದು ಸ್ಥಾನವಿದೆ. ಅಲ್ಲಿರುವ ಯಾವುದನ್ನೂ ಬದಲಿಸುವ ಶಕ್ತಿ ಮಾತ್ರ ಇಲ್ಲ.

ಇಲ್ಲಿ ಒಂದು ಅಭ್ಯಾಸವನ್ನು ಮಾಡಿನೋಡುವುದು ಒಳ್ಳೆಯದು. ಮೊಬೈಲ್ ಫೋನ್ ಇದ್ದರೆ ಸಾಕು. ಫೋನನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಬಿಗಿಯಿರಿ, ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಕಿಟಕಿಗಳನ್ನು ಮುಚ್ಚಿ ಒಂದೇ ದೀಪವನ್ನಿಡಿ. ಒಬ್ಬರು ಕುರ್ಚಿಯಲ್ಲಿ ಕುಳಿತು ಓದುವುದನ್ನು ಇಪ್ಪತ್ತು ಸೆಕೆಂಡು ತೆಗೆಯಿರಿ. ಬಳಿಕ ಓದುವವರನ್ನು ಎಬ್ಬಿಸಿ, ಕುರ್ಚಿಯನ್ನು ಹಾಗೆಯೇ ಬಿಟ್ಟು, ಇನ್ನೊಬ್ಬರು ಬಂದು ಆ ಕುರ್ಚಿಯ ಕಡೆಗೆ ಕೈಚಾಚಿ ನಿಲ್ಲುವುದನ್ನು ಅಷ್ಟೇ ಹೊತ್ತು ತೆಗೆಯಿರಿ. ವಿಡಿಯೋ ಸಂಕಲನದ ಯಾವುದೇ ಆ್ಯಪ್‌ನಲ್ಲಿ ಎರಡನೆಯದನ್ನು ಮೊದಲನೆಯದರ ಮೇಲಿಟ್ಟು ಅದರ ಗಾಢತೆಯನ್ನು ಅರ್ಧಕ್ಕೆ ಇಳಿಸಿದರೆ ಪ್ರೇತ ಸಿದ್ಧ. ಆದರೆ ಅಭ್ಯಾಸದ ಉದ್ದೇಶ ಪ್ರೇತವನ್ನು ಸೃಷ್ಟಿಸುವುದಲ್ಲ. ಎರಡನೆಯವರು ನಟಿಸಿದ್ದು ಖಾಲಿ ಕುರ್ಚಿಯ ಮುಂದೆ, ಆ ಹೊತ್ತಿನಲ್ಲಿ ಅಲ್ಲಿಲ್ಲದ ಮನುಷ್ಯನನ್ನು ಕರೆಯುತ್ತಾ, ಅವರಿಗೆ ಕೇಳಿಸದೆಂದು ತಿಳಿದೂ. ಹಾಗೆ ನಟಿಸಿದವರನ್ನು ‘ಹೇಗನ್ನಿಸಿತು’ ಎಂದು ಕೇಳಿ. ಆ ಉತ್ತರ ಮೂರನೆಯ ನೋಟಕ್ಕೆ ಬೇಕಾಗುತ್ತದೆ.

ಮುಖಗಳ ಬಗ್ಗೆ ಎರಡು ಮಾತು. ಆಗ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡು ಮೂಡುತ್ತಿದ್ದವು. ಅದನ್ನು ಸರಿದೂಗಿಸಲು ನಟರು ಮುಖಕ್ಕೆ ದಟ್ಟವಾಗಿ ಬಣ್ಣ ಬಳಿದುಕೊಳ್ಳುತ್ತಿದ್ದರು. ಈ ಚಿತ್ರದಲ್ಲಿ ಡೇವಿಡ್‌ನ ಮುಖದ ಮೇಲಿನ ಗಡ್ಡ, ಕೊಳೆ, ಸುಕ್ಕುಗಳೇ ಆ ಕೆಲಸವನ್ನು ಮಾಡುವಂತೆ ಕಾಣುತ್ತದೆ. ಅವನ ನಟನೆ ಎಷ್ಟು ಮಿತವಾದದ್ದೆಂದರೆ, ಅವನ ಕ್ರೌರ್ಯವೆಲ್ಲ ಕಣ್ಣಂಚಿನ ನಗೆಯಲ್ಲಿದೆ.

ಮೂರನೆಯ ನೋಟ: ಕೋಟು, ಬಾಗಿಲು, ವಿಮೋಚನೆ

ಈಗ ತಂತ್ರ ಮತ್ತು ಕಥೆಯನ್ನು ಒಟ್ಟಿಗೆ ಹಿಡಿದು ನೋಡುವ ಹೊತ್ತು. ಅದಕ್ಕೆ ಮುನ್ನ ಹಿನ್ನೆಲೆ ತುಸು ತಿಳಿದಿರಬೇಕು. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಮಹಿಳೆಯಾದ ಲಾಗರ್ಲೋಫ್ ಅವರಿಗೆ ಆ ಬಹುಮಾನ ಬಂದದ್ದು 1909ರಲ್ಲಿ. ಕ್ಷಯರೋಗದ ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸುವ ಬರಹವೊಂದನ್ನು ಬರೆದುಕೊಡಬೇಕೆಂದು ಕ್ಷಯನಿವಾರಣೆಗೆ ದುಡಿಯುತ್ತಿದ್ದವರು ಕೇಳಿಕೊಂಡಾಗ ಹುಟ್ಟಿದ್ದು 1912ರ ಈ ಕಾದಂಬರಿ. ಸಾಲ್ವೇಶನ್ ಆರ್ಮಿಯೂ ಕಲ್ಪನೆಯಲ್ಲ. 1865ರಲ್ಲಿ ಲಂಡನ್ನಿನ ಬಡಕೇರಿಗಳಲ್ಲಿ ವಿಲಿಯಂ ಬೂತ್ ಆರಂಭಿಸಿದ ಈ ಕ್ರೈಸ್ತ ಸೇವಾಸಂಸ್ಥೆ 1882ರಲ್ಲಿ ಸ್ವೀಡನ್ನಿಗೆ ಬಂದಿತ್ತು. ಕುಡುಕರಿಗೆ, ನೆಲೆಯಿಲ್ಲದವರಿಗೆ ಮೊದಲು ಊಟ–ಹಾಸಿಗೆ, ಬಳಿಕ ದೇವರ ಮಾತು ಎಂಬುದು ಅದರ ನಡೆ. ಹೀಗಾಗಿ ಈ ಕಥೆಯಲ್ಲಿ ಪಾಪ ಮತ್ತು ರೋಗಾಣು ಒಂದೇ ದಾರಿಯಲ್ಲಿ ಹರಡುತ್ತವೆ.

ಆ ದಾರಿ ಒಂದು ಕೋಟು. ವರ್ಷದ ಹಿಂದೆ ಹೊಸದಾಗಿ ತೆರೆದ ವಸತಿಗೃಹಕ್ಕೆ ಮೊದಲ ಅತಿಥಿಯಾಗಿ ಬಂದ ಡೇವಿಡ್ ಮಲಗಿರುವಾಗ, ಈಡಿಟ್ ಅವನ ಹರಿದ ಕೋಟನ್ನು ರಾತ್ರಿಯೆಲ್ಲಾ ಕುಳಿತು ಹೊಲಿಯುತ್ತಾಳೆ. ಕೋಟಿನಲ್ಲಿ ರೋಗದ ಸೋಂಕಿರಬಹುದೆಂದು ಜೊತೆಯವಳು ಎಚ್ಚರಿಸಿದರೂ ಕೇಳುವುದಿಲ್ಲ. ಬೆಳಗ್ಗೆ ಎದ್ದವನು ಅವಳೆದುರೇ ಆ ತೇಪೆಗಳನ್ನು ಒಂದೊಂದಾಗಿ ಹರಿದು ಕಿತ್ತುಹಾಕುತ್ತಾನೆ. ಈ ದೃಶ್ಯವನ್ನು ನೋಡುವಾಗ, ಮಾತುಗಳನ್ನು ಬರೆದು ತೋರಿಸುವ ಟೈಟಲ್ ಕಾರ್ಡ್‌ಗಳನ್ನು ಓದದೆ ಕೈಗಳನ್ನಷ್ಟೇ ನೋಡಿ. ಹೊಲಿಯುವ ಕೈ, ಹರಿಯುವ ಕೈ. ಮೂಕಿ ಚಿತ್ರ ಧರ್ಮಶಾಸ್ತ್ರವನ್ನು ಹೇಳುವ ರೀತಿ ಇದು. ಕೃಪೆ ಎಂದರೆ ಏನೆಂದು ಯಾವ ಪಾದ್ರಿಯೂ ಇಲ್ಲಿ ಬೋಧಿಸುವುದಿಲ್ಲ. ಕೇಳದೆ ಸಿಕ್ಕಿದ ತೇಪೆಯನ್ನು ಒಬ್ಬ ಕಿತ್ತೆಸೆಯುತ್ತಾನೆ, ಹಾಕಿದವಳು ಮಾತ್ರ ಅದರಿಂದ ಸಾಯುತ್ತಾಳೆ. ಆದರೂ, ತನ್ನ ಪ್ರಾರ್ಥನೆ ಫಲಿಸಿತೇ ಎಂದು ತಿಳಿಯಲು ಒಂದು ವರ್ಷದ ಬಳಿಕ ಇದೇ ದಿನ ಬರಬೇಕೆಂದು ಅವಳು ಅವನನ್ನು ಕೇಳಿಕೊಳ್ಳುತ್ತಾಳೆ.

ಎರಡನೆಯ ಜಾಡು ಬಾಗಿಲಿನದು. ಹೆಂಡತಿ ಅನ್ನಾ ಮಕ್ಕಳನ್ನು ಅವನ ಕೆಮ್ಮಿನಿಂದ ಉಳಿಸಲು ಅವನನ್ನು ಅಡುಗೆಮನೆಯಲ್ಲಿ ಕೂಡಿಹಾಕುತ್ತಾಳೆ. ಅವನು ಕೊಡಲಿಯಿಂದ ಬಾಗಿಲನ್ನು ಸೀಳಿ ಹೊರಬರುತ್ತಾನೆ. ಕೊಡಲಿಗೆ ಸಿಕ್ಕಿದ ಬಾಗಿಲು 1919ರಲ್ಲಿ ಅಮೆರಿಕದ ನಿರ್ದೇಶಕ ಗ್ರಿಫಿತ್ ತೆಗೆದ ‘ಬ್ರೋಕನ್ ಬ್ಲಾಸಮ್ಸ್’ನಲ್ಲೂ ಇದೆ, ಬಹಳ ಕಾಲದ ಬಳಿಕ 1980ರ ‘ದಿ ಶೈನಿಂಗ್’ನಲ್ಲೂ ಇದೆ, ಅಂತರ್ಜಾಲದಲ್ಲಿ ಈ ಚಿತ್ರದ ಮಾತು ಬಂದಾಗಲೆಲ್ಲ ಚರ್ಚೆ ಆ ಹೋಲಿಕೆಗೇ ಬಂದು ನಿಲ್ಲುತ್ತದೆ. ಅಲ್ಲಿಗೇ ನಿಲ್ಲುವುದು ನಷ್ಟ. ಇದೇ ಚಿತ್ರದೊಳಗಿನ ಬಾಗಿಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬದುಕಿದ್ದಾಗ ಅವನು ಬಾಗಿಲನ್ನು ಒಡೆಯುತ್ತಾನೆ. ಸತ್ತವರ ಲೋಕದಲ್ಲಿ ಬಾಗಿಲುಗಳಿಗೆ ಅರ್ಥವೇ ಇಲ್ಲ, ಎಲ್ಲಿ ಬೇಕಾದರೂ ಹಾಯಬಹುದು, ಎಲ್ಲಿಯೂ ಒಂದು ಲೋಟವನ್ನೂ ಎತ್ತಲಾಗದು.

ಈ ಅಸಹಾಯಕತೆ ತುದಿ ಮುಟ್ಟುವುದು ಕೊನೆಯ ಭಾಗದಲ್ಲಿ. ಕೈಕಾಲು ಕಟ್ಟಿಸಿಕೊಂಡು ಗಾಡಿಯಲ್ಲಿ ಬಂದ ಡೇವಿಡ್ ಈಡಿಟ್‌ಳ ಹಾಸಿಗೆಯ ಪಕ್ಕ ಮಂಡಿಯೂರುತ್ತಾನೆ. ಅವನೊಳಗೆ ಏನೋ ಮುರಿಯುವುದು ಅಲ್ಲಿ. ಆದರೆ ಚಿತ್ರ ಅಷ್ಟಕ್ಕೆ ಅವನನ್ನು ಬಿಡುವುದಿಲ್ಲ. ಮುಂದೆ ಅವನ ಮನೆ. ಬದುಕು ಸಾಕಾದ ಅನ್ನಾ ಮಕ್ಕಳಿಗೂ ತನಗೂ ವಿಷವನ್ನು ಸಿದ್ಧಮಾಡುತ್ತಿದ್ದಾಳೆ. ಅವನು ನೋಡುತ್ತಾನೆ, ಜಾರ್ಜ್‌ನನ್ನು ಬೇಡುತ್ತಾನೆ, ದೇವರನ್ನು ಕೂಗುತ್ತಾನೆ, ಆದರೆ ಅವಳಿಗೆ ಕೇಳಿಸುವುದಿಲ್ಲ. ಇಲ್ಲಿ ನಿಮ್ಮ ಮೊಬೈಲ್ ಅಭ್ಯಾಸದ ಖಾಲಿ ಕುರ್ಚಿಯನ್ನು ನೆನಪಿಸಿಕೊಳ್ಳಿ. ಪದರದ ಮೇಲಿನ ಪದರ ಒಂದನ್ನೊಂದು ಮುಟ್ಟಲಾರದು ಎಂಬುದು ಫಿಲ್ಮಿನ ಭೌತಿಕ ಸತ್ಯ. ತಾನು ಹಾಳುಮಾಡಿದ್ದನ್ನು ಕಣ್ಣಾರೆ ನೋಡುತ್ತಾ ಸರಿಪಡಿಸಲಾಗದೆ ನಿಲ್ಲುವುದು ಈ ಚಿತ್ರದ ನರಕ. ಅದಕ್ಕೆ ಬೆಂಕಿಯಾಗಲಿ ಎಣ್ಣೆಯ ಕೊಪ್ಪರಿಗೆಯಾಗಲಿ ಬೇಕಿಲ್ಲ.

ಇಲ್ಲಿ ನಮ್ಮ ಅಜಾಮಿಳನ ಕಥೆ ಯಾರಿಗಾದರೂ ನೆನಪಾಗುತ್ತದೆ. ಹೆಂಡತಿಯನ್ನು ತೊರೆದು ಕೆಟ್ಟವನು, ಸಾವಿನ ಗಳಿಗೆ, ಪಾಶ ಹಿಡಿದ ಯಮದೂತರು, ಕೊನೆಯ ಕ್ಷಣದ ಬಿಡುಗಡೆ — ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಅಜಾಮಿಳ ಮಗನನ್ನು ಕರೆಯುತ್ತಾ ಅರಿಯದೆ ನುಡಿದ ನಾರಾಯಣನಾಮವೇ ಅವನನ್ನು ಕಾಯುತ್ತದೆ. ಪಶ್ಚಾತ್ತಾಪ ಬರುವುದು ದೂತರು ಹೊರಟುಹೋದ ಮೇಲೆ. ಲೂಥರನ ಪಂಥದ ನಾಡಿನ ಈ ಕಥೆಯಲ್ಲಿ ಕ್ರಮ ತಿರುವುಮುರುವಾಗಿದೆ. ಮೊದಲು ಎದೆ ಒಡೆಯಬೇಕು, ಬಳಿಕ ಕೂಗು, ಬಳಿಕ ಬಿಡುಗಡೆ: ಡೇವಿಡ್ ತನ್ನ ದೇಹಕ್ಕೆ ಮರಳಿ ಮತ್ತೆ ಬದುಕುತ್ತಾನೆ. ಹೋಲಿಸುವಾಗ ಈ ವ್ಯತ್ಯಾಸವನ್ನು ಅಳಿಸದಿರಿ, ‘ಎಲ್ಲ ಧರ್ಮಗಳೂ ಒಂದೇ ಹೇಳುತ್ತವೆ’ ಎಂದು ಚರ್ಚೆಯನ್ನು ಮುಗಿಸದಿರಿ.

ಇನ್ನೊಂದು ಹೋಲಿಕೆ ತಂತ್ರದ ಕಡೆಯಿಂದ. ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರವೊಂದನ್ನು ನೋಡುತ್ತಿದ್ದಾಗ ತಮ್ಮ ಕಣ್ಣಮುಂದೆ ರಾಮ–ಕೃಷ್ಣರು ಸುಳಿದರೆಂದು ದಾದಾಸಾಹೇಬ್ ಫಾಲ್ಕೆ ಬರೆದುಕೊಂಡಿದ್ದಾರೆ. ಭಾರತೀಯ ಕಥಾಚಿತ್ರದ ಹಾದಿ ತೆರೆದದ್ದು ಅಲ್ಲಿಂದ. 1913ರ ‘ರಾಜಾ ಹರಿಶ್ಚಂದ್ರ’, 1919ರ ‘ಕಾಳಿಯ ಮರ್ದನ’ಗಳಲ್ಲಿ ಅವರು ಬಳಸಿದ ಕ್ಯಾಮೆರಾ ತಂತ್ರಗಳ ಗುರಿ ದೈವದ ಮಹಿಮೆಯನ್ನು ಕಣ್ಣಿಗೆ ಕಟ್ಟುವುದು. ಪ್ರೇಕ್ಷಕ ಅದನ್ನು ನೋಡಿ ಕೈಮುಗಿಯಬೇಕು. ಶೋಸ್ಟ್ರೋಮ್ ಅಂಥದೇ ತಂತ್ರವನ್ನು ಮನುಷ್ಯನ ನಿಸ್ಸಹಾಯಕತೆಯನ್ನು ತೋರಿಸಲು ತಿರುಗಿಸಿಕೊಂಡರು. ಅವರ ಚಿತ್ರದಲ್ಲಿ ದೇವರು ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಸಾಧ್ಯವಾದರೆ ‘ಕಾಳಿಯ ಮರ್ದನ’ದ ಉಳಿದಿರುವ ಭಾಗವನ್ನು ಇದರ ಜೊತೆಗೆ ನೋಡಿ, ಫಾಲ್ಕೆಯವರ ಮಗಳು ಮಂದಾಕಿನಿ ಕೃಷ್ಣನಾಗಿರುವ ಆ ಚಿತ್ರದ ಲವಲವಿಕೆ ಈ ಸ್ವೀಡಿಷ್ ಚಳಿಗೆ ಒಳ್ಳೆಯ ಜೊತೆ.

ಚಿತ್ರದ ಕೊರತೆಯನ್ನೂ ಹೇಳಿಬಿಡಬೇಕು. ಡೇವಿಡ್‌ನ ವಿಮೋಚನೆಯ ಬೆಲೆಯನ್ನು ಇಬ್ಬರು ಹೆಂಗಸರು ತೆರುತ್ತಾರೆ. ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಅವನ ಕಣ್ಣೀರನ್ನು ನೋಡಿ ನಂಬಬೇಕಾಗುತ್ತದೆ. ತಪ್ಪಿಸಿಕೊಂಡಿದ್ದ ಅನ್ನಾಳನ್ನು ಮತ್ತೆ ಗಂಡನೊಂದಿಗೆ ಸೇರಿಸಿದವಳು ಈಡಿಟ್‌ಳೇ ಎಂಬುದನ್ನು ಚಿತ್ರ ಅರ್ಧ ಮಾತ್ರ ಪ್ರಶ್ನಿಸುತ್ತದೆ. ಇಂದಿನ ಪ್ರೇಕ್ಷಕರಿಗೆ, ಅದರಲ್ಲೂ ಕುಡುಕ ಗಂಡನ ಮನೆಯನ್ನು ಹತ್ತಿರದಿಂದ ಕಂಡವರಿಗೆ, ಕೊನೆಯ ಐದು ನಿಮಿಷಗಳು ಅಷ್ಟು ಸುಲಭವಾಗಿ ಗಂಟಲಿಗಿಳಿಯಲಾರವು. ಇಳಿಯಲೇಬೇಕೆಂದೇನೂ ಇಲ್ಲ. ಹತ್ತಾರು ಜನರಿಗೆ ಈ ಚಿತ್ರವನ್ನು ತೋರಿಸುವವರು ಈ ಪ್ರಶ್ನೆಯನ್ನು ಯಾರಾದರೂ ಎತ್ತುವವರೆಗೆ ಕಾಯದೆ ತಾವೇ ಎತ್ತಬೇಕು, ಮತ್ತು ಅನ್ನಾಳ ಮುಖವನ್ನಷ್ಟೇ ಗಮನಿಸುತ್ತಾ ಕೊನೆಯ ದೃಶ್ಯವನ್ನು ಮತ್ತೊಮ್ಮೆ ಓಡಿಸಬೇಕು.

ಕೊನೆಯದಾಗಿ ಒಂದು ಸಣ್ಣ ಕೆಲಸ ಉಳಿಯುತ್ತದೆ. ಚಿತ್ರದಲ್ಲಿ ಒಂದು ಪ್ರಾರ್ಥನೆ ಎರಡು ಸಲ ಬರುತ್ತದೆ: ‘ದೇವರೇ, ಕೊಯ್ಲಿಗೆ ಬರುವ ಮುನ್ನ ನನ್ನ ಆತ್ಮ ಮಾಗಲಿ.’ ಬದುಕಿರುವವರಿಗೆ ತಾನು ಮುಟ್ಟಿಸಬಯಸುವ ಹೊಸ ವರ್ಷದ ಮಾತೆಂದು ಇದನ್ನು ನುಡಿಯುವವನು ಜಾರ್ಜ್, ಕೈಯಲ್ಲಿ ಕುಡುಗೋಲು ಹಿಡಿದವನು; ಚಿತ್ರದ ಕೊನೆಗೆ ಇದನ್ನೇ ಮತ್ತೆ ನುಡಿಯುವವನು ಡೇವಿಡ್. ಎರಡೂ ಕಡೆ ಚಿತ್ರವನ್ನು ನಿಲ್ಲಿಸಿ, ನುಡಿಯುವವನ ದೇಹವನ್ನು ನೋಡಿ. ಜಾರ್ಜ್‌ನ ಹಿಂದಿರುವುದೆಲ್ಲ ಅವನ ಮೈಯ ಮೂಲಕ ಕಾಣುತ್ತದೆ. ಸ್ಮಶಾನದಿಂದ ಮನೆಯವರೆಗೆ ಓಡಿಬಂದು, ಬಾಗಿಲನ್ನು ಕೈಯಿಂದ ತೆರೆದು ಒಳಗೆ ಬಂದ ಡೇವಿಡ್‌ನ ಮೈಯ ಮೂಲಕ ಏನೂ ಕಾಣುವುದಿಲ್ಲ.